ಅಣ್ಣನಿಗೆ ಕ್ರಿಸ್ಮಸ್ ಉಡುಗೊರೆ: ವರ್ಷಗಟ್ಟಲೆ ಕಾಣೆಯಾಗಿ ಮರಳಿ ಬಂದ ಬ್ಯಾಂಡ್‌ಗಳಲ್ಲಿ ಯಾರ ಆಲ್ಬಮ್ ಕೊಡಲಿ?

ಕೇಶ್ವಾಪುರದ ತಂಗಿ | 2 ಡಿಸೆಂಬರ್

ಅಣ್ಣ ಇದೇ 23ಕ್ಕೆ ಪುಣೆಯಿಂದ ಹುಬ್ಬಳ್ಳಿಗೆ ಬರುತ್ತಾನೆ. ಹತ್ತು ದಿನ ಇರುತ್ತಾನೆ. ನಾವು ಕ್ರೈಸ್ತರಲ್ಲ, ಆದರೆ ಕೇಶ್ವಾಪುರದಲ್ಲಿ ಬೆಳೆದವರಿಗೆ ಕ್ರಿಸ್ಮಸ್ ಇಡೀ ಓಣಿಯ ಹಬ್ಬ. ಪಕ್ಕದ ಮನೆಯಿಂದ ಕೇಕು ಬರುವ ತನಕ ನಮಗೆ ವರ್ಷ ಮುಗಿಯುವುದಿಲ್ಲ. ಪ್ರತಿ ಸಲ ಅಣ್ಣನಿಗೆ ಅಂಗಿ ಕೊಟ್ಟು ಕೊಟ್ಟು ನನಗೇ ಬೇಸರ ಬಂದಿದೆ.

ಅವನು 1991ರಿಂದ 95ರವರೆಗೆ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದಿದವನು. ಆಗ ಅವನ ಕೋಣೆಯ ಗೋಡೆಗೂಡಿನಲ್ಲಿ ಪುಸ್ತಕಕ್ಕಿಂತ ಕ್ಯಾಸೆಟ್ ಹೆಚ್ಚು. ಪಿಂಕ್ ಫ್ಲಾಯ್ಡ್, ಗನ್ಸ್ ಎನ್ ರೋಸಸ್, ಈಗಲ್ಸ್, ರೋಲಿಂಗ್ ಸ್ಟೋನ್ಸ್. ಗೆಳೆಯರ ಕಣ್ಣಿಗೆ ಬೀಳದಂತೆ ಹಿಂದಿನ ಸಾಲಿನಲ್ಲಿ ಅಬ್ಬಾ. ಕೆಲಸ, ಮದುವೆ, ಮನೆಸಾಲ ಶುರುವಾದ ಮೇಲೆ ಹೊಸದೊಂದು ಹಾಡನ್ನೂ ಕೇಳಿದ್ದು ನಾನು ಕಾಣೆ. ಕೇಳಿದರೆ “ಅವೆಲ್ಲ ಮುಗಿದ ಬ್ಯಾಂಡುಗಳು” ಎನ್ನುತ್ತಾನೆ.

ಆದರೆ ಮುಗಿದಿಲ್ಲವಲ್ಲ! ಇವರಲ್ಲಿ ಬಹಳ ಜನ ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಮತ್ತೆ ಆಲ್ಬಮ್ ತಂದಿದ್ದಾರೆ, ಇವನಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಅಂಥದ್ದೊಂದನ್ನು ಕೊಡಬೇಕೆಂದಿದ್ದೇನೆ. ನನ್ನ ಕೈಯಲ್ಲಿ ನಾಲ್ಕು ಸಾವಿರ ಇದೆ. ಯಾವುದು ಕೊಡಲಿ?

ವರ್ಕ್‌ಶಾಪ್ ನಿವೃತ್ತ | 2 ಡಿಸೆಂಬರ್

ತಂಗಿ, ಮೊದಲು ಒಂದು ಮಾತು ಹೇಳು. ಅಣ್ಣನ ಹತ್ತಿರ ಅದನ್ನು ಹಾಕಿ ಕೇಳಲು ಏನಿದೆ? ನಾನು ಅಳಿಯನಿಗೆ ದೊಡ್ಡ ರೆಕಾರ್ಡ್ ತರಿಸಿ ಕೊಟ್ಟೆ. ಅವನು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಹೋದಾಗಲೆಲ್ಲ ಮೊಳೆಗೆ ನೇತುಬಿದ್ದ ಆ ಹಾಡುಗಳನ್ನು ನೋಡಿ ಬರುತ್ತೇನೆ.

ಉಣಕಲ್ ಕೆರೆ ದಂಡೆ | 2 ಡಿಸೆಂಬರ್

ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ ಅಕ್ಕಾ. ಒಂದು ವರ್ಷದ ಚಂದಾ ಕಟ್ಟಿಕೊಡಿ, ಐದೂ ಬ್ಯಾಂಡು ಬರುತ್ತವೆ. ಕಾಗದ ಸುತ್ತುವ ಕೆಲಸವೂ ಉಳಿಯುತ್ತದೆ.

ಸಪ್ತಾಪುರದ ಮೇಷ್ಟ್ರು | 3 ಡಿಸೆಂಬರ್

ಚಂದಾ ಕಟ್ಟುವುದು ಕರೆಂಟ್ ಬಿಲ್ ಕಟ್ಟಿದಂತೆ. ಅದು ಉಪಕಾರ, ಉಡುಗೊರೆಯಲ್ಲ.

ನಾನು ಪಿಂಕ್ ಫ್ಲಾಯ್ಡ್ ಪರ. ತಂಗಿ ಬರೆದ ವರ್ಷಗಳನ್ನು ನೋಡಿ. ‘ದ ಡಿವಿಷನ್ ಬೆಲ್’ ಬಂದದ್ದು 1994ರಲ್ಲಿ. ಅಂದರೆ ಅಣ್ಣ ಕಡೆಯ ವರ್ಷದ ಹತ್ತಿರ ಇದ್ದಾಗ. ಅವನು ಕೊಂಡ ಕೊನೆಯ ಕ್ಯಾಸೆಟ್‌ಗಳಲ್ಲಿ ಅದೂ ಒಂದು ಎಂದು ನಾನು ಪೇಡೆ ಪಣ ಕಟ್ಟುತ್ತೇನೆ, ಲೈನ್ ಬಜಾರದ್ದೇ. ಅದಾಗಿ ಇಪ್ಪತ್ತು ವರ್ಷ ಸದ್ದಿಲ್ಲ. 2014ರ ನವೆಂಬರಿನಲ್ಲಿ ‘ದಿ ಎಂಡ್‌ಲೆಸ್ ರಿವರ್’ ಬಂತು. ಅದನ್ನು ಕಟ್ಟಿದ್ದು ಯಾವುದರಿಂದ ಗೊತ್ತೇ? ಬಹುಪಾಲು ಅದೇ ‘ಡಿವಿಷನ್ ಬೆಲ್’ ಕಾಲದಲ್ಲಿ ಬಾರಿಸಿ, ಬಳಸದೆ ಬಿಟ್ಟಿದ್ದ ತುಣುಕುಗಳಿಂದ. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ 2008ರಲ್ಲೇ ತೀರಿಕೊಂಡಿದ್ದರು. ಅವರ ಬೆರಳು ಮಾತ್ರ ಟೇಪುಗಳಲ್ಲಿ ಉಳಿದಿತ್ತು. ಉಳಿದಿಬ್ಬರು, ಗಿಲ್ಮೋರ್ ಮತ್ತು ಮೇಸನ್, ಅದರ ಸುತ್ತ ಹೊಸದಾಗಿ ನುಡಿಸಿ ಕಟ್ಟಿದರು. ಹೆಚ್ಚುಕಡಿಮೆ ಪೂರ್ತಿ ವಾದ್ಯಸಂಗೀತ, ಕೊನೆಗೆ ಒಂದೇ ಒಂದು ಹಾಡು.

ಅಣ್ಣ ಕೇಳುವುದನ್ನು ನಿಲ್ಲಿಸಿದ ಜಾಗದಲ್ಲೇ ಅವರೂ ಟೇಪುಗಳನ್ನು ಕಟ್ಟಿಟ್ಟಿದ್ದರು. ಇಂಥ ಹೊಂದಿಕೆ ಬೇರೆ ಯಾವ ಆಲ್ಬಮ್ಮಿನಲ್ಲಿ ಸಿಗುತ್ತದೆ?

ಲ್ಯಾಮಿಂಗ್ಟನ್ ರಸ್ತೆ | 3 ಡಿಸೆಂಬರ್

ಮೇಷ್ಟ್ರೇ, ನೀವು ಬರೆದದ್ದು ಚೆನ್ನಾಗಿದೆ, ಆಲ್ಬಮ್ ಅಷ್ಟು ಚೆನ್ನಾಗಿಲ್ಲ. ಐವತ್ತು ನಿಮಿಷ ಮಂಜಿನಲ್ಲಿ ಚಿಗರಿ ಬಸ್ಸಿಗೆ ಕಾದಂತೆ ಇರುತ್ತದೆ. ಬರುತ್ತದೆ ಬರುತ್ತದೆ ಅನಿಸುತ್ತದೆ, ಬರುವುದಿಲ್ಲ. ಉಳಿದ ತುಣುಕುಗಳನ್ನು ಹೊಲಿದದ್ದು ಕೌದಿ. ಕೌದಿಗೂ ಬೆಲೆ ಇದೆ, ಆದರೆ ಅದನ್ನು ಹೊಸ ಸೀರೆ ಎಂದು ಮಾರಬಾರದು.

ಸಪ್ತಾಪುರದ ಮೇಷ್ಟ್ರು | 3 ಡಿಸೆಂಬರ್

ಧಾರವಾಡದ ಚಳಿಗೆ ಕೌದಿಯೇ ಬೇಕು ಸ್ವಾಮಿ.

ರಾತ್ರಿ ರೈಲಿನವನು | 3 ಡಿಸೆಂಬರ್

ಸ್ಟೋನ್ಸ್ ಹೆಸರು ಬಂದ ಮೇಲೆ ಸುಮ್ಮನಿರಲಾರೆ. 2003ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ನಾಲ್ವರು ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆವು. ಮಳೆ ಹೊಡೆಯಿತು ನೋಡಿ! ಬೂಟಿನೊಳಗೆ ನೀರು, ಜೇಬಿನ ನೋಟು ಮುದ್ದೆ. ಅರವತ್ತರ ಹತ್ತಿರದ ಹಾಡುಗಾರ ಮಿಕ್ ಜಾಗರ್ ವೇದಿಕೆಯ ಮೇಲೆ ಓಡಾಡುತ್ತಲೇ ಇದ್ದ. ಮರುದಿನ ಬೆಳಿಗ್ಗೆ ಮನೆಯಲ್ಲಿ “ಎಲ್ಲಿ ಹೊಲಕ್ಕೆ ಹೋಗಿದ್ದೆಯಾ” ಎಂದು ಕೇಳಿದರು.

ವಿಷಯಕ್ಕೆ ಬರುತ್ತೇನೆ. 2005ರ ನಂತರ ಅವರ ಸ್ವಂತ ಹೊಸ ಹಾಡುಗಳ ಆಲ್ಬಮ್ ಬಂದದ್ದು 2023ರಲ್ಲಿ, ‘ಹ್ಯಾಕ್ನಿ ಡೈಮಂಡ್ಸ್’. ಹದಿನೆಂಟು ವರ್ಷ. ಡ್ರಮ್ಸ್‌ನ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು, ಆದರೂ ಎರಡು ಹಾಡುಗಳಲ್ಲಿ ಅವರ ಪೆಟ್ಟು ಇದೆ. ಅವುಗಳಲ್ಲಿ ಒಂದಕ್ಕೆ, ಬ್ಯಾಂಡ್ ಬಿಟ್ಟು ಎಷ್ಟೋ ವರ್ಷವಾಗಿದ್ದ ಬಿಲ್ ವೈಮನ್ ಮತ್ತೆ ಬಂದು ಬಾಸ್ ಗಿಟಾರ್ ಹಿಡಿದರು. ಈ ಎರಡೂ ಅಲ್ಲದ ಬೇರೊಂದು ಹಾಡಿಗೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬಾಸ್. ಕೊನೆಯಲ್ಲಿ ಮಡ್ಡಿ ವಾಟರ್ಸ್‌ನ ಹಳೆಯ ಬ್ಲೂಸ್ ಹಾಡು. ಇವರ ಬ್ಯಾಂಡಿಗೆ ಹೆಸರು ಸಿಕ್ಕದ್ದು ಆ ಹಾಡಿನಿಂದಲೇ. ಅಜ್ಜಂದಿರು ಮನೆದೇವರಿಗೆ ಕಾಯಿ ಒಡೆದು ಬಂದಂತಿದೆ.

ಲ್ಯಾಮಿಂಗ್ಟನ್ ರಸ್ತೆ | 4 ಡಿಸೆಂಬರ್

ಗನ್ಸ್ ಎನ್ ರೋಸಸ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ನಾನೇ ಎಚ್ಚರಿಸುತ್ತೇನೆ. ‘ಚೈನೀಸ್ ಡೆಮಾಕ್ರಸಿ’ ಕೊಡಬೇಡಿ. 1991ರ ನಂತರ ಹೊಸ ಹಾಡುಗಳ ಆಲ್ಬಮ್ ಬಂದದ್ದು 2008ರಲ್ಲಿ. ಈಗ ಬರುತ್ತದೆ, ಆಗ ಬರುತ್ತದೆ ಎಂದು ಎಷ್ಟು ಕಾಯಿಸಿದರೆಂದರೆ, ಅಮೆರಿಕದ ಒಂದು ತಂಪುಪಾನೀಯ ಕಂಪನಿ ‘ಈ ವರ್ಷ ಬಂದೇಬಿಟ್ಟರೆ ದೇಶದ ಎಲ್ಲರಿಗೂ ಒಂದು ಡಬ್ಬಿ ಪುಕ್ಕಟೆ’ ಎಂದು ಸಾರಿತ್ತು. ಬಂದೇಬಿಟ್ಟಿತು, ಕಂಪನಿಗೆ ಫಜೀತಿ.

ಆಲ್ಬಮ್ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಟೋಪಿ ಹಾಕುವ ಗಿಟಾರಿನ ಸ್ಲ್ಯಾಶ್ ಇಲ್ಲ, ಹಳಬರಾದ ಡಫ್ ಇಲ್ಲ, ಇಜ್ಜಿ ಇಲ್ಲ. ಅಣ್ಣನ ಗೋಡೆಯ ಮೇಲಿದ್ದ ಆ ಟೋಪಿಯವನೇ ಇಲ್ಲದ ಮೇಲೆ ಅದು ಹಾಡುಗಾರ ಆಕ್ಸೆಲ್ ರೋಸ್ ಒಬ್ಬನ ಸಂಸಾರ. ದೊಡ್ಡಾಟಕ್ಕೆ ಬಣ್ಣ ಬಳಿದುಕೊಂಡು ಭಾಗವತ ಒಬ್ಬನೇ ನಿಂತರೆ ನೀವು ರಾತ್ರಿಯಿಡೀ ಕೂರುತ್ತೀರಾ?

ಉಣಕಲ್ ಕೆರೆ ದಂಡೆ | 4 ಡಿಸೆಂಬರ್

ಹಾಗಾದರೆ ಎಷ್ಟು ಜನ ಹಳಬರು ಇದ್ದರೆ ‘ಮರಳಿ ಬಂದರು’ ಎನ್ನಬಹುದು ಸರ್? ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ‘13’ ಎಂಬ ಆಲ್ಬಮ್ಮಿನಲ್ಲಿ ಹಳಬರು ಮೂವರು ಇದ್ದಾರೆ, ಡ್ರಮ್ಸ್‌ನವರು ಕರಾರಿನ ಜಗಳದಲ್ಲಿ ಹೊರಗುಳಿದರು. ಆದರೂ ಹಾಡುಗಾರ ಆಝಿ 1978ರ ಬಳಿಕ ಇವರ ಜೊತೆ ಸ್ಟುಡಿಯೋ ಆಲ್ಬಮ್ ಹಾಡಿದ್ದು 2013ರಲ್ಲಿ, ಅದರಲ್ಲೇ. ಅದರ ಕೊನೆಯಲ್ಲಿ ಮಳೆ, ಗುಡುಗು, ಗಂಟೆ ಕೇಳಿಸುತ್ತವೆ. 1970ರ ಅವರ ಮೊದಲ ಆಲ್ಬಮ್ ಶುರುವಾಗುವುದೂ ಅದೇ ಮಳೆ, ಅದೇ ಗಂಟೆಯಿಂದ. ನಾನು ಹುಟ್ಟುವುದಕ್ಕಿಂತ ಮೊದಲಿನ ಬ್ಯಾಂಡು, ಆದರೂ ಅಲ್ಲಿಗೆ ಬಂದಾಗ ಮೈ ಜುಮ್ಮೆಂದಿತು. ಮೊಬೈಲಿನಲ್ಲೇ ಕೇಳಿದ್ದು, ಮೇಷ್ಟ್ರ ಗಮನಕ್ಕೆ.

ಬೆಟಗೇರಿ ತಂಬೂರಿ | 4 ಡಿಸೆಂಬರ್

ಮೂರು ದಿನದಿಂದ ಓದುತ್ತಿದ್ದೇನೆ. ತಮ್ಮಗಳಿರಾ, ನಾವು ಇರುವುದು ಯಾವ ಸೀಮೆಯಲ್ಲಿ? ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ. ಇಷ್ಟಿದ್ದೂ ನಿಮಗೆ ಮರಳಿ ಬಂದವರು ಯಾರೆಂದರೆ ಟೋಪಿ ಹಾಕಿದ ಗಿಟಾರಿನವನು ನೆನಪಾಗುತ್ತಾನೆ.

ಮರಳಿ ಬರುವುದು ಎಂದರೆ ಕುಮಾರ ಗಂಧರ್ವರದು. ನಮ್ಮ ಬೆಳಗಾವಿ ಕಡೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ದೇಶವೆಲ್ಲ ತಲೆದೂಗಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಕ್ಷಯ. ಮಾಳವದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ, ಹಾಡಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಹಾಸಿಗೆಯಲ್ಲಿ ಮಲಗಿಯೇ ಆ ಸೀಮೆಯ ಜನಪದ ಹಾಡುಗಳನ್ನು ಕೇಳಿಸಿಕೊಂಡರು. 1950ರ ದಶಕದಲ್ಲಿ ಎದ್ದು ಬಂದು ಹಾಡಿದಾಗ ಉಸಿರು ಮೊದಲಿನಂತಿರಲಿಲ್ಲ. ಆ ಮೊಟಕು ಉಸಿರನ್ನೇ ಶೈಲಿ ಮಾಡಿಕೊಂಡರು. ಗಂಗೂಬಾಯಿಯವರ ಹಳೆಯ ಪ್ಲೇಟು ಕೇಳಿ, ತೆಳುವಾದ ಹೆಣ್ಣುದನಿ. ಆಮೇಲಿನದನ್ನು ಕೇಳಿ, ಗಂಡಸರೂ ಬೆಚ್ಚುವಂಥ ಭಾರದ ದನಿ. ದನಿ ಹೋಗಿ ಇನ್ನೊಂದು ದನಿ ಬಂತು. ಇದಕ್ಕೆ ಏನು ಹೆಸರು ಕೊಡುತ್ತೀರಿ?

ಲ್ಯಾಮಿಂಗ್ಟನ್ ರಸ್ತೆ | 4 ಡಿಸೆಂಬರ್

ಕಾಕಾ, ಕೈ ಮುಗಿದೆ. ಆದರೆ ತಂಗಿ ಕೇಳಿದ್ದು ಬ್ಯಾಂಡು.

ಬೆಟಗೇರಿ ತಂಬೂರಿ | 4 ಡಿಸೆಂಬರ್

ತಂಬೂರಿ, ತಬಲಾ, ಸಾರಂಗಿ, ಹಾರ್ಮೋನಿಯಂ, ಹಾಡುವವರು. ಐದು ಜನ. ಬ್ಯಾಂಡು ಎನ್ನಲು ಇನ್ನೇನು ಬೇಕು?

ರಾತ್ರಿ ರೈಲಿನವನು | 5 ಡಿಸೆಂಬರ್

ಕಾಕಾನ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ದೇಶದಲ್ಲೂ ರಾಕ್ ಬ್ಯಾಂಡುಗಳು ಮರಳಿ ಬಂದಿವೆ. ಮುಂಬೈನ ರಾಕ್ ಮಷೀನ್ ಆಮೇಲೆ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿ, 90ರ ದಶಕದ ಕೊನೆಗೆ ಚದುರಿಹೋಯಿತು. 2010ರಲ್ಲಿ ಸೇರಿ 2012ರಲ್ಲಿ ‘ಇವಾಲ್ವ್’ ತಂದರು. ಟಿ.ವಿ.ಯಲ್ಲಿ ಅವರ ಹಾಡು ನೋಡಿದ ಪೀಳಿಗೆ ನಿಮ್ಮ ಅಣ್ಣನದೇ. ಅಂಗಡಿಗಳಲ್ಲಿ ಈಗ ಸಿಗುವುದು ಕಷ್ಟ ಎಂಬುದೊಂದೇ ತೊಡಕು.

ಬ್ಯಾಡಗಿ ಕಡ್ಡಿ | 5 ಡಿಸೆಂಬರ್

ನಾಲ್ಕು ಸಾವಿರದಲ್ಲಿ ದೊಡ್ಡ ರೆಕಾರ್ಡ್ ತರಿಸುವ ಯೋಚನೆ ಇದ್ದರೆ ನನ್ನ ಕಥೆ ಕೇಳಿ. ಒಂದು ಆನ್‌ಲೈನ್ ಅಂಗಡಿಯಿಂದ ಮೇ ತಿಂಗಳಲ್ಲಿ ಈಗಲ್ಸ್‌ನ ರೆಕಾರ್ಡ್ ತರಿಸಿದೆ. ಎಲ್ಲೆಲ್ಲಿ ಬಿಸಿಲಲ್ಲಿ ಬಿದ್ದಿತ್ತೋ, ಹಪ್ಪಳದಂತೆ ಅಲೆಯೆದ್ದು ಬಂತು. ಸೂಜಿ ಅದರ ಮೇಲೆ ಹಳ್ಳಿ ರಸ್ತೆಯ ಟಂಟಂನಂತೆ ಏರಿಳಿಯುತ್ತಿತ್ತು. ಬದಲಿ ಕೊಡಲಿಲ್ಲ, ‘ಬಿಸಿಲಿಗೆ ನಾವು ಹೊಣೆಯಲ್ಲ’ ಎಂದರು. ಡಿಸೆಂಬರಿನಲ್ಲಿ ಆ ಭಯ ಕಡಿಮೆ. ಆದರೂ ಮನೆಗೆ ಬಂದ ಮೇಲೆ ನೆಟ್ಟಗೆ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಒಟ್ಟಿದರೆ ಬಾಗುತ್ತವೆ. ಸೂಟ್‌ಕೇಸಿನಂತಿರುವ ಅಗ್ಗದ ಪ್ಲೇಯರ್ ಜೊತೆಗೆ ಕೊಳ್ಳಬೇಡಿ, ಅದರ ಸೂಜಿಯ ಭಾರಕ್ಕೆ ಹೊಸ ರೆಕಾರ್ಡೇ ಸವೆಯುತ್ತದೆ.

ಈಗಲ್ಸ್ ಎಂದೆನಲ್ಲ. 1979ರ ನಂತರ ಪೂರ್ತಿ ಹೊಸ ಆಲ್ಬಮ್ ಬಂದದ್ದು 2007ರಲ್ಲಿ, ‘ಲಾಂಗ್ ರೋಡ್ ಔಟ್ ಆಫ್ ಈಡನ್’. ಎರಡು ಡಿಸ್ಕ್, ಇಪ್ಪತ್ತು ಹಾಡು. ನಡುವೆ 1994ರಲ್ಲಿ ಸೇರಿದ್ದರು. ಬ್ಯಾಂಡ್ ಒಡೆದಾಗ ‘ಮತ್ತೆ ಯಾವಾಗ ಸೇರುತ್ತೀರಿ’ ಎಂಬ ಪ್ರಶ್ನೆಗೆ ನಮ್ಮಲ್ಲಿ ‘ಕತ್ತೆಗೆ ಕೋಡು ಮೂಡಿದಾಗ’ ಎನ್ನುವಂಥ ಉತ್ತರ ಕೊಟ್ಟಿದ್ದರು, ನರಕ ಹೆಪ್ಪುಗಟ್ಟಿದ ಮೇಲೆ ಎಂದು. 94ರ ಆಲ್ಬಮ್ಮಿಗೆ ಅದೇ ಮಾತನ್ನು ಹೆಸರಾಗಿ ಇಟ್ಟರು. ಬ್ಯಾಂಡಿನ ಹಾಡುಗಾರ ಗ್ಲೆನ್ ಫ್ರೇ 2016ರಲ್ಲಿ ತೀರಿಕೊಂಡರು. ಇಪ್ಪತ್ತು ಹಾಡಿನಲ್ಲಿ ಎಂಟು ತೆಗೆದುಹಾಕಿದ್ದರೆ ಇದು ದೊಡ್ಡ ಆಲ್ಬಮ್ ಆಗುತ್ತಿತ್ತು ಎಂದು ನನ್ನ ಅಭಿಪ್ರಾಯ.

ಕೇಶ್ವಾಪುರದ ತಂಗಿ | 6 ಡಿಸೆಂಬರ್

ಎಲ್ಲರಿಗೂ ನಮಸ್ಕಾರ. ಮೇಷ್ಟ್ರೇ, ಪೇಡೆ ಪಣದಲ್ಲಿ ನೀವು ಗೆದ್ದಿರಿ. ನಿನ್ನೆ ಅಟ್ಟ ಹತ್ತಿ ನೋಡಿದೆ. ಬಿಸ್ಕತ್ತಿನ ಪೆಟ್ಟಿಗೆಯಲ್ಲಿ ಅರವತ್ತೊಂದು ಕ್ಯಾಸೆಟ್ ಇವೆ. ‘ಡಿವಿಷನ್ ಬೆಲ್’ ಇದೆ, ಒಳಗಿನ ಕಾಗದದ ಮೇಲೆ ಅವನ ಹೆಸರು ಮತ್ತು 1994. ಅರ್ಧಕ್ಕರ್ಧ ಕೊಪ್ಪಿಕರ್ ರಸ್ತೆ ಕಡೆ ದುಡ್ಡು ಕೊಟ್ಟು ಹಾಡು ತುಂಬಿಸಿಕೊಂಡವು, ಪಟ್ಟಿಯೆಲ್ಲ ಅವನ ಕೈಬರಹ. ಗನ್ಸ್ ಎನ್ ರೋಸಸ್ ಎಂದು ಬರೆದ ಒಂದು ಡಬ್ಬಿಯ ಒಳಗೆ ಅಬ್ಬಾ ಕ್ಯಾಸೆಟ್ ಇತ್ತು! ಮೂವತ್ತು ವರ್ಷದ ಗುಟ್ಟು.

ಪೆಟ್ಟಿಗೆಯ ಪಕ್ಕದಲ್ಲೇ ಅವನ ಎರಡು ಡೆಕ್ಕಿನ ಟೇಪ್ ರೆಕಾರ್ಡರ್. ಲೈಟು ಹತ್ತುತ್ತದೆ, ಕ್ಯಾಸೆಟ್ ತಿರುಗುವುದಿಲ್ಲ. ಒಂದು ಡೆಕ್ ಸ್ವಲ್ಪ ತಿರುಗಿ ಹಾಡನ್ನು ಹೆಣದ ಮುಂದಿನ ಅಳುವಿನಂತೆ ಎಳೆಯುತ್ತದೆ.

ವರ್ಕ್‌ಶಾಪ್ ನಿವೃತ್ತ | 6 ಡಿಸೆಂಬರ್

ಬೆಲ್ಟ್ ಹೋಗಿದೆ. ಅಷ್ಟೇ, ಗಾಬರಿ ಬೇಡ. ಮೂವತ್ತು ವರ್ಷದಲ್ಲಿ ಆ ರಬ್ಬರು ಸಡಿಲಾಗುತ್ತದೆ, ಇಲ್ಲವೇ ಕರಗಿ ಡಾಂಬರಾಗುತ್ತದೆ. ಡಾಂಬರಾಗಿದ್ದರೆ ಹೊಸದನ್ನು ಹಾಕುವ ಮೊದಲು ಗಾಲಿಗಳನ್ನೆಲ್ಲ ಸ್ಪಿರಿಟ್‌ನಿಂದ ಒರೆಸಬೇಕು, ಇಲ್ಲದಿದ್ದರೆ ಹೊಸ ಬೆಲ್ಟೂ ಜಾರುತ್ತದೆ. ಹಳೆಯ ಬೆಲ್ಟನ್ನು ಎಸೆಯಬೇಡ, ಅಳತೆಗೆ ಬೇಕು. ಸ್ವಲ್ಪ ಹಿಗ್ಗಿರುತ್ತದೆ, ಹಾಗಾಗಿ ಒಂದೆಳೆ ಚಿಕ್ಕದನ್ನು ಆರಿಸಬೇಕು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅದಕ್ಕಿಂತ ನಿಧಾನವಾದರೆ ನೀನು ಹೇಳಿದ ಅಳು. ಟೇಪು ಓದುವ ಹೆಡ್ ಒರೆಸು, ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಗಾಲಿಯನ್ನೂ ಒರೆಸು. ಆ ಗಾಲಿ ಗಟ್ಟಿಯಾಗಿದ್ದರೆ ಟೇಪನ್ನು ನುಂಗುತ್ತದೆ, ಹಾಗಾಗಿ ಮೊದಲು ಬೇಡವಾದ ಕ್ಯಾಸೆಟ್ ಹಾಕಿ ನೋಡು.

ದುರ್ಗದ ಬೈಲಿನ ಸುತ್ತಮುತ್ತ ಇಂಥದ್ದನ್ನು ಮಾಡುವವರು ಇನ್ನೂ ಒಬ್ಬಿಬ್ಬರು ಇದ್ದಾರೆ. ಮಿಕ್ಸರ್ ರಿಪೇರಿ ಎಂದು ಬೋರ್ಡ್ ಇರುತ್ತದೆ, ಒಳಗೆ ಹೋಗಿ ಕೇಳಬೇಕು.

ಸಪ್ತಾಪುರದ ಮೇಷ್ಟ್ರು | 6 ಡಿಸೆಂಬರ್

ಹಾಗಾದರೆ ಲೆಕ್ಕವೇ ಬದಲಾಯಿತು. ಟೇಪ್ ರೆಕಾರ್ಡರ್ ಇದ್ದರೆ ಉಡುಗೊರೆ ಕ್ಯಾಸೆಟ್ ಆಗಬೇಕು. ನನ್ನ ಪಿಂಕ್ ಫ್ಲಾಯ್ಡನ್ನು ನಾನೇ ಹಿಂದೆ ತೆಗೆದುಕೊಳ್ಳುತ್ತೇನೆ. ಅಬ್ಬಾ ‘ವಾಯೇಜ್’ ತರಿಸಿ. ಅದು 2021ರಲ್ಲಿ ಬಂದಾಗ ಕ್ಯಾಸೆಟ್ ರೂಪದಲ್ಲೂ ಹೊರಬಂದಿತ್ತು.

ಇಲ್ಲಿ ಎದ್ದ ಜಗಳಕ್ಕೂ ಅದೇ ಉತ್ತರ. 1981ರ ‘ದ ವಿಸಿಟರ್ಸ್’ ಆದ ಮೇಲೆ ನಲವತ್ತು ವರ್ಷ ಸ್ಟುಡಿಯೋ ಆಲ್ಬಮ್ ಇಲ್ಲ. ಬಂದಾಗ ನಾಲ್ಕಕ್ಕೆ ನಾಲ್ಕೂ ಜನ ಬಂದರು. ಯಾರೂ ಸತ್ತಿರಲಿಲ್ಲ, ಯಾರನ್ನೂ ಹೊರಗೆ ಹಾಕಿರಲಿಲ್ಲ. ಅದೂ ಎಂಥ ನಾಲ್ವರು? ಎರಡು ದಂಪತಿ, ಎರಡೂ ವಿಚ್ಛೇದನ. ಮುರಿದ ಎರಡು ಸಂಸಾರಗಳು ಎಪ್ಪತ್ತರ ಆಸುಪಾಸಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದೇ ಮೈಕಿನ ಮುಂದೆ ನಿಂತವು. ನಮ್ಮ ಕಡೆ ಆಗಿದ್ದರೆ ಮದುವೆ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಹಾಕಬೇಕೆಂಬುದರಲ್ಲೇ ಇನ್ನೂ ನಲವತ್ತು ವರ್ಷ ಹೋಗುತ್ತಿತ್ತು. ಹೆಂಗಸರ ದನಿ ಸ್ವಲ್ಪ ಇಳಿದಿದೆ. ಅದನ್ನು ಮುಚ್ಚಿಡಲು ಹೋಗಿಲ್ಲ, ಅದೇ ನನಗೆ ಇಷ್ಟ. ಹತ್ತು ಹಾಡು, ಅದರಲ್ಲಿ ಒಂದು 1978ರಲ್ಲಿ ಶುರುಮಾಡಿ ಬಿಟ್ಟದ್ದು. ಇನ್ನೊಂದು ಕ್ರಿಸ್ಮಸ್ ಬೆಳಗಿನ ಹಾಡು, ಮಕ್ಕಳ ಮೇಳದೊಂದಿಗೆ. ಕೇಶ್ವಾಪುರಕ್ಕೆ ಇನ್ನೇನು ಬೇಕು?

ಲ್ಯಾಮಿಂಗ್ಟನ್ ರಸ್ತೆ | 6 ಡಿಸೆಂಬರ್

ಆ ಕ್ರಿಸ್ಮಸ್ ಹಾಡು ಬೆಲ್ಲದ ಪಾಕ. ಉಳಿದದ್ದಕ್ಕೆ ನನ್ನ ತಕರಾರಿಲ್ಲ. ಅದನ್ನು ಕೊಡುವುದಾದರೆ ಗನ್ಸ್ ಎನ್ ರೋಸಸ್ ಡಬ್ಬಿಯಲ್ಲೇ ಹಾಕಿ ಕೊಡಿ.

ಕೇಶ್ವಾಪುರದ ತಂಗಿ | 7 ಡಿಸೆಂಬರ್

ಹೊರದೇಶದಿಂದ ತರಿಸಲು ಹೇಳಿದೆ. ಸುಂಕ, ಸಾಗಣೆ ಎಲ್ಲ ಸೇರಿ ಮೂರು ಸಾವಿರ ದಾಟಿತು. 20ರೊಳಗೆ ಬರುತ್ತದಂತೆ. ಉಳಿದ ದುಡ್ಡು ಬೆಲ್ಟಿಗೆ.

ಬೆಟಗೇರಿ ತಂಬೂರಿ | 7 ಡಿಸೆಂಬರ್

‘ಅಂತೆ’ ಎಂದಿದ್ದಾರೆ ಎಂದರೆ ಬರುವುದಿಲ್ಲ.

ಕೇಶ್ವಾಪುರದ ತಂಗಿ | 22 ಡಿಸೆಂಬರ್

ಕಾಕಾ, ನಿಮ್ಮ ಬಾಯಿ ಹರಕೆ. ಪಾರ್ಸೆಲ್ ಮುಂಬೈ ಮುಟ್ಟಿ ಅಲ್ಲೇ ಕೂತಿದೆ. ಟೇಪ್ ರೆಕಾರ್ಡರ್ ಮಾತ್ರ ಸಿದ್ಧವಾಗಿದೆ. ಎರಡು ಡೆಕ್ಕಿಗೂ ಹೊಸ ಬೆಲ್ಟ್, ಹೆಡ್ ಒರೆಸಿದ್ದಾರೆ, ಒಟ್ಟು 450 ರೂಪಾಯಿ. ಮಾಡಿಕೊಟ್ಟ ಅಜ್ಜ ದುಡ್ಡಿಗಿಂತ ಮೊದಲು “ಇದರಲ್ಲಿ ಒಂದು ಹಾಡು ಹಾಕಲೇ” ಎಂದು ಕೇಳಿ ಅರ್ಧ ಕ್ಯಾಸೆಟ್ ಕೇಳಿದರು. ಮುಂದಿನ ಗಿರಾಕಿ ಮಿಕ್ಸರ್ ಹಿಡಿದು ನಿಂತೇ ಇದ್ದ.

ಕೇಶ್ವಾಪುರದ ತಂಗಿ | 27 ಡಿಸೆಂಬರ್

ಆದದ್ದನ್ನು ಬರೆಯುತ್ತೇನೆ. 25ರ ಬೆಳಿಗ್ಗೆ ಟೇಪ್ ರೆಕಾರ್ಡರನ್ನು ಹಳೆಯ ದುಪ್ಪಟಿ ಮುಚ್ಚಿ ಮೇಜಿನ ಮೇಲಿಟ್ಟೆ. ಅಣ್ಣ ದುಪ್ಪಟಿ ತೆಗೆದು, ಏನೂ ಮಾತಾಡದೆ ಪೆಟ್ಟಿಗೆಯಲ್ಲಿ ಕೈಯಾಡಿಸಿ ‘ಡಿವಿಷನ್ ಬೆಲ್’ ಎತ್ತಿಕೊಂಡ. ಟೇಪು ಸಡಿಲವಾಗಿತ್ತು. ಅವನ ಮಗಳ ಕಂಪಾಸಿನಿಂದ ಪೆನ್ಸಿಲ್ ತೆಗೆದು ತಿರುಗಿಸಿದ. ಹುಡುಗಿ ಹದಿಮೂರರವಳು, ಅಪ್ಪನಿಗೆ ತಲೆ ಕೆಟ್ಟಿತೋ ಎಂಬಂತೆ ನೋಡುತ್ತಿದ್ದಳು.

ಎರಡೂ ಬದಿ ಕೇಳಿದ. ಮಧ್ಯೆ ವೈನಿ ಊಟಕ್ಕೆ ಎರಡು ಸಲ ಕರೆದರು. ಮುಗಿದ ಮೇಲೆ ನಾನು ಇದರ ಉಳಿಕೆಯಿಂದ 2014ರಲ್ಲಿ ಇನ್ನೊಂದು ಆಲ್ಬಮ್ ಬಂದಿದೆ ಎಂದೆ. “ಸುಳ್ಳು” ಎಂದ. ಮೊಬೈಲಿನಲ್ಲಿ ಹಾಕಿದೆ. ರಾತ್ರಿ ಹನ್ನೊಂದಕ್ಕೆ ಅಂಗಳದಲ್ಲಿ ಶಾಲು ಹೊದ್ದು ಕೂತು ಪೂರ್ತಿ ಕೇಳಿ ಬಂದು, “ಅಲ್ಲಲ್ಲಿ ಚೆನ್ನಾಗಿದೆ” ಎಂದಷ್ಟೇ ಹೇಳಿದ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಮತ್ತೆ ಅದನ್ನೇ ಹಚ್ಚಿದ್ದ.

ಸಪ್ತಾಪುರದ ಮೇಷ್ಟ್ರು | 27 ಡಿಸೆಂಬರ್

ಅಲ್ಲಲ್ಲಿ ಚೆನ್ನಾಗಿದೆ! ಲ್ಯಾಮಿಂಗ್ಟನ್ ರಸ್ತೆಯವರು ಓದುತ್ತಿದ್ದಾರೆಯೇ?

ಲ್ಯಾಮಿಂಗ್ಟನ್ ರಸ್ತೆ | 27 ಡಿಸೆಂಬರ್

ಓದಿದೆ. ‘ಅಲ್ಲಲ್ಲಿ’ ಎಂಬುದನ್ನೂ ಓದಿದೆ.

ಉಣಕಲ್ ಕೆರೆ ದಂಡೆ | 27 ಡಿಸೆಂಬರ್

ಮೊಬೈಲಿನಲ್ಲಿ ಕೇಳಿದರು ಎಂಬುದನ್ನು ಯಾರೂ ಎತ್ತಿ ಹೇಳಲಿಲ್ಲ, ನಾನೇ ಹೇಳುತ್ತೇನೆ.

ಕೇಶ್ವಾಪುರದ ತಂಗಿ | 4 ಜನವರಿ

‘ವಾಯೇಜ್’ ಇವತ್ತು ಬಂತು. ಅಣ್ಣ ನಿನ್ನೆ ರಾತ್ರಿಯೇ ಪುಣೆಗೆ ಹೋದ. ಟೇಪ್ ರೆಕಾರ್ಡರನ್ನೂ ಅರವತ್ತೊಂದು ಕ್ಯಾಸೆಟ್‌ಗಳನ್ನೂ ಜೊತೆಗೇ ಒಯ್ದ. ಕಾರಿನ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಬೆಲ್ಟ್ ಕಟ್ಟಿ ಕೂರಿಸಿಕೊಂಡು. ಈಗ ಕ್ಯಾಸೆಟ್ ನನ್ನ ಕೈಯಲ್ಲಿದೆ, ಹಾಕಿ ಕೇಳಲು ಮನೆಯಲ್ಲಿ ಏನೂ ಇಲ್ಲ. ಅವನಿಗೆ ಕಳಿಸುವ ಮೊದಲು ನಾನೊಮ್ಮೆ ಕೇಳಬೇಕು. ಹುಬ್ಬಳ್ಳಿಯಲ್ಲಿ ಯಾರ ಬಳಿಯಾದರೂ ಹಳೆಯ ಟೇಪ್ ರೆಕಾರ್ಡರ್ ಇದೆಯೇ?

ಬೆಟಗೇರಿ ತಂಬೂರಿ | 4 ಜನವರಿ

ಗದುಗಿಗೆ ಬಾ ತಂಗಿ. ನನ್ನ ಹತ್ತಿರ ಎರಡಿವೆ. ಒಂದಕ್ಕೆ ಬೆಲ್ಟ್ ಇಲ್ಲ. ಇನ್ನೊಂದರಲ್ಲಿ ಕುಮಾರ ಗಂಧರ್ವರ ಕ್ಯಾಸೆಟ್ ಸಿಕ್ಕಿಕೊಂಡು ಆರು ವರ್ಷವಾಯಿತು, ಹೊರಗೆ ಬರುತ್ತಿಲ್ಲ. ಬರುವಾಗ ವರ್ಕ್‌ಶಾಪಿನ ಕಾಕಾನನ್ನೂ ಕರೆದುಕೊಂಡು ಬಾ.